ಅಳಿಸಿಹೋದ ಮೂರು ತಿಂಗಳ ತಾಪಮಾನ

ಅಬ್ಬಿಗೆರೆಯ ಔಷಧಿ ಗೋದಾಮಿನಲ್ಲಿ ಮುನಿಕೃಷ್ಣಪ್ಪ ಇಪ್ಪತ್ತೆರಡು ವರ್ಷ ಕೋಲ್ಡ್ ರೂಮಿನ ತಾಪಮಾನವನ್ನು ಕೈಯಾರೆ ಪುಸ್ತಕದಲ್ಲಿ ಬರೆದವರು. ಒಂದು ದಿನವೂ ತಪ್ಪಿಸಿದವರಲ್ಲ. ಈ ವರ್ಷ ಆ ಕೆಲಸಕ್ಕೆ ತಾಪಮಾನವನ್ನು ತಾನೇ ದಾಖಲಿಸಿಕೊಳ್ಳುವ, ಬೆಂಕಿಪೊಟ್ಟಣದಷ್ಟು ಚಿಕ್ಕದೊಂದು ಡೇಟಾ ಲಾಗರ್ ಬಂತು. ಅದನ್ನು ಅಳವಡಿಸಿದ ಅತೀಯಾ ಎಂಬ ಹುಡುಗಿ, ತಿಂಗಳಿಗೊಮ್ಮೆ ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ ದಾಖಲೆ ಉಳಿಸಿಕೊಳ್ಳಲು ಮೊದಲು ‘ಡೌನ್‌ಲೋಡ್’, ಆಮೇಲೆ ಹೊಸದಾಗಿ ಶುರುಮಾಡಲು ‘ಸ್ಟಾರ್ಟ್’ ಒತ್ತಬೇಕೆಂದು ಹೇಳಿಕೊಟ್ಟಳು. “ಅರ್ಥ ಆಯ್ತಾ ಅಂಕಲ್?” ಎಂದಾಗ, ಆಗದಿದ್ದರೂ ತಲೆಯಾಡಿಸಿದರು.

ಅವರು ನೇರವಾಗಿ ‘ಸ್ಟಾರ್ಟ್’ ಒತ್ತುತ್ತಿದ್ದರು. ಹಳೆಯ ದಾಖಲೆ ಅಳಿಸಲೇ ಎಂದು ಪರದೆ ಇಂಗ್ಲಿಷಿನಲ್ಲಿ ಕೇಳಿದರೆ ‘ಯೆಸ್’ ಒತ್ತುತ್ತಿದ್ದರು.

ತಪಾಸಣೆಯ ದಿನ ಮೂರು ತಿಂಗಳ ದಾಖಲೆ ಸಿಗಲಿಲ್ಲ. “ಮಿಷನ್ನೇ ಸರಿಯಿಲ್ಲ ಸಾರ್” ಎಂದು ಮುನಿಕೃಷ್ಣಪ್ಪ ಮ್ಯಾನೇಜರಿಗೆ ಹೇಳಿಬಿಟ್ಟರು. ಮ್ಯಾನೇಜರ್ ಅತೀಯಾಳನ್ನು ಕರೆಸಿ ಎಲ್ಲರೆದುರು ಬೈದರು. ಅವಳು ಲಾಗರನ್ನು ಸಿಕ್ಕಿಸಿ ನೋಡಿದಳು. ಅದು ಸರಿಯಾಗಿಯೇ ಇತ್ತು. ಒಮ್ಮೆ ಮುನಿಕೃಷ್ಣಪ್ಪನವರ ಮುಖ ನೋಡಿ, “ನಾನೇ ಇನ್ನೊಂದ್ಸಲ ಹೇಳಿಕೊಡ್ಬೇಕಿತ್ತು ಸಾರ್” ಎಂದಳು.

ಅವಳು ಹೊರಟಾಗ ಮುನಿಕೃಷ್ಣಪ್ಪ ಗೇಟಿನ ಬಳಿ ತಡೆದರು.

“ಅಮ್ಮಾ, ತಪ್ಪು ನಂದು. ಗೊತ್ತಿಲ್ಲ ಅನ್ನೋಕೆ ನಾಚ್ಕೆ ಆಯ್ತು.”

“ಗೊತ್ತಾಯ್ತು ಅಂಕಲ್. ಹೋಗ್ಲಿ ಬಿಡಿ.”

ಅವರು ಬಿಡಲಿಲ್ಲ. ಅವಳನ್ನು ಮ್ಯಾನೇಜರ್ ಕೋಣೆಗೆ ಕರೆದೊಯ್ದು, ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಮ್ಯಾನೇಜರ್ ಅವರನ್ನು ಬೈಯಲಿಲ್ಲ. ಅತೀಯಾಳತ್ತ ತಿರುಗಿ, “ಸಾರಿ ಕಣಮ್ಮ, ಸುಮ್ನೆ ಬೈದ್ಬಿಟ್ಟೆ” ಎಂದರು. ‘ಸಾರಿ’ ಎಂಬ ಆ ಒಂದು ಮಾತನ್ನು ತಾನಿನ್ನೂ ಅವಳಿಗೆ ಹೇಳಿಲ್ಲವೆಂದು ಹೊಳೆದು ಮುನಿಕೃಷ್ಣಪ್ಪನವರ ತಲೆ ಇನ್ನಷ್ಟು ತಗ್ಗಿತು.