ಸೆಲ್ವಿಯವರ ಕೈಯಿಂದ ನಾನು ಹೊಡೆಸಿದ ಏಟು

2022ರಲ್ಲಿ ನಾನು ಬೆಂಗಳೂರು ಪೂರ್ವದ ಒಂದು ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ಆಗಿದ್ದೆ. ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯ ಹೊಣೆಯೂ ನನ್ನದೇ. ಹದಿನೆಂಟು ತುಂಬದವರು ಠಾಣೆಗೆ ಬಂದರೆ ಯೂನಿಫಾರ್ಮ್ ಇಲ್ಲದೆ, ಅವರು ಹೆದರದಂತೆ ಮಾತನಾಡಿಸಬೇಕು ಎಂಬುದು ನಿಯಮ. ಇದನ್ನು ಹೊಸಬರಿಗೆ ಪಾಠ ಹೇಳುತ್ತಿದ್ದವಳೂ ನಾನೇ.

ಕಾನೂನಿನಲ್ಲಿಲ್ಲದ ಒಂದು ಪದ್ಧತಿಯೂ ನಮ್ಮಲ್ಲಿತ್ತು. ಗಲಾಟೆ ಮಾಡಿ ಸಿಕ್ಕಿಬಿದ್ದ ಹುಡುಗರ ಮೇಲೆ ಕೇಸು ಹಾಕದೆ ಅಪ್ಪ ಅಮ್ಮನನ್ನು ಕರೆಸುತ್ತಿದ್ದೆವು. ಅವರು ನಮ್ಮೆದುರೇ ಮಗನಿಗೆ ಎರಡು ಬಿಗಿಯಬೇಕು, ನಾವು "ಸಾಕು ಬಿಡ್ರೀ" ಎಂದು ದೊಡ್ಡ ಮನಸ್ಸು ತೋರಿಸಿ ಕಳಿಸಬೇಕು. ಹೊಡೆದವರು ಒಳ್ಳೆಯ ಪೋಷಕರು ಎಂದು ನಮ್ಮ ತೀರ್ಮಾನ.

ಒಂದು ಭಾನುವಾರ ಸಂಜೆ ಇಂದಿರಾನಗರದ ಪಾರ್ಕೊಂದರಿಂದ ದೂರು ಬಂತು. ಹುಡುಗರು ಸ್ಪೀಕರ್ ಹಾಕಿಕೊಂಡು ಕಿರುಚಾಡುತ್ತಿದ್ದಾರೆ, ಗಾಂಜಾ ಇದ್ದರೂ ಇರಬಹುದು ಎಂದರು. ನಮ್ಮ ಗಸ್ತು ವಾಹನ ಹೊಯ್ಸಳ ಮೂವರನ್ನು ಕರೆತಂದಿತು. ಮೂವರೂ ಒಂದೇ ಶಾಲೆಯ ಹತ್ತನೇ ಕ್ಲಾಸಿನವರು. ಇಬ್ಬರು ಇಂದಿರಾನಗರದವರೇ, ಮೂರನೆಯವನು ಮರ್ಫಿ ಟೌನಿನ ಡೇನಿಯಲ್. ಅವನ ತಾಯಿ ಸೆಲ್ವಿ ಅಲ್ಲೇ ಹುಟ್ಟಿ ಬೆಳೆದವರು, ಆಸ್ಪತ್ರೆಯಲ್ಲಿ ಆಯಾ. ತಂದೆ ನೈಜೀರಿಯಾದಿಂದ ಓದಲು ಬಂದು ಇಲ್ಲೇ ನಿಂತವರು, ತೀರಿಕೊಂಡು ವರ್ಷಗಳಾಗಿದ್ದವು. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಆಗ ಕಣ್ಣಿಗೆ ಬಿದ್ದದ್ದು ಅವನ ಬಣ್ಣ ಮತ್ತು ಕೂದಲು ಮಾತ್ರ.

ಮೂವರ ಬ್ಯಾಗಿನಲ್ಲೂ ಏನೂ ಸಿಗಲಿಲ್ಲ. ಡೇನಿಯಲ್‌ನದನ್ನು ಮತ್ತೊಮ್ಮೆ ಸುರಿಸಿ ನೋಡಿದೆ.

"ನಂದ್ ಮಾತ್ರ ಯಾಕ್ ಮೇಡಂ ಮತ್ತೆ?" ಎಂದ, ಅಪ್ಪಟ ಬೆಂಗಳೂರು ಕನ್ನಡದಲ್ಲಿ.

"ಬಾಯ್ ಮುಚ್ಕೊಂಡ್ ನಿಂತ್ಕೋ" ಎಂದೆ.

ಉಳಿದಿಬ್ಬರ ಅಪ್ಪಂದಿರು ಬಂದರು. ಕೂರಿಸಿ, ನೀವು ತಾವು ಎಂದು ಮಾತನಾಡಿಸಿದೆ. ಇಬ್ಬರೂ ಎದ್ದು ಮಕ್ಕಳ ಕಪಾಳಕ್ಕೆ ಬಾರಿಸಿ ಕರೆದುಕೊಂಡು ಹೋದರು. ಆಮೇಲೆ ಸೆಲ್ವಿಯವರು ಆಸ್ಪತ್ರೆ ಆಯಾಗಳ ಡ್ಯೂಟಿ ಸೀರೆಯಲ್ಲೇ ಓಡಿಬಂದರು. ಅವರಿಗೆ ನನ್ನ ಬಾಯಿಂದ ಬಂದದ್ದು ಏಕವಚನ.

"ನಿನ್ ಮಗನಿಗೆ ಬುದ್ಧಿ ಹೇಳೋರು ಯಾರೂ ಇಲ್ವಾ? ಇಲ್ಲೇ ಎರಡು ಬಿಗಿದು ಕರ್ಕೊಂಡ್ ಹೋಗು."

"ಪಾರ್ಕಲ್ಲಿ ಕೂಗಾಡಿದ್ದು ತಪ್ಪೇ ಮೇಡಂ. ಮನೇಲಿ ಕೇಳ್ತೀನಿ, ಅಲ್ಲಿರೋರ್ಗೂ ಸಾರಿ ಹೇಳಿಸ್ತೀನಿ. ಆದ್ರೆ ನಿಮ್ಮುಂದೆ ಕೈ ಎತ್ತಲ್ಲ. ಇವತ್ತಿನವರೆಗೂ ಅವನ್ನ ನಾನು ಹೊಡ್ದಿಲ್ಲ."

ನನಗೆ ಪಿತ್ತ ನೆತ್ತಿಗೇರಿತು. ಒಬ್ಬ ಆಯಾ ನನಗೆ ಎದುರು ಮಾತನಾಡುವುದೇ ಎಂಬ ಸಿಟ್ಟು.

"ಹಂಗಾದ್ರೆ ಇವನ ಬರ್ತ್ ಸರ್ಟಿಫಿಕೇಟು, ಇವನಪ್ಪನ ಪಾಸ್‌ಪೋರ್ಟು ತಗೊಂಡ್ ಬಾ. ಅಲ್ಲೀವರೆಗೂ ಇಲ್ಲೇ ಇರ್ಲಿ."

ಹೋದ ಇಬ್ಬರಿಂದ ಒಂದು ಚೂರು ಕಾಗದವನ್ನೂ ನಾನು ಕೇಳಿರಲಿಲ್ಲ. ಹುಡುಗನನ್ನು ಹಾಗೆ ಇಟ್ಟುಕೊಳ್ಳುವ ಅಧಿಕಾರವೂ ನನಗಿರಲಿಲ್ಲ. ಸೆಲ್ವಿಯವರಿಗೆ ಅದು ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಡೇನಿಯಲ್ ಅಮ್ಮನ ಹತ್ತಿರ ಹೋಗಿ ತಮಿಳಿನಲ್ಲಿ ಮೆಲ್ಲಗೆ ಏನೋ ಹೇಳಿದ. ಈ ಕಡೆಯೇ ಬೆಳೆದ ನನಗೆ ಅರ್ಥವಾಯಿತು. ಒಂದೇಟು ಹೊಡೆದುಬಿಡಮ್ಮ, ಮನೆಗೆ ಹೋಗೋಣ, ನನಗೇನೂ ಆಗಲ್ಲ ಎನ್ನುತ್ತಿದ್ದ. ಅವರ ಬಲಗೈಯನ್ನು ತಾನೇ ಹಿಡಿದು ಕೆನ್ನೆಗೆ ತಂದುಕೊಂಡ.

ಸೆಲ್ವಿಯವರು ಹೊಡೆದರು. ಸದ್ದೂ ಸರಿಯಾಗಿ ಬರಲಿಲ್ಲ.

"ಈಗ ಕರ್ಕೊಂಡ್ ಹೋಗ್ಲಾ ಮೇಡಂ?" ಎಂದರು.

ಹೋಗಿ ಎಂದು ಕೈಸನ್ನೆ ಮಾಡಿದೆ. ಗೇಟಿನ ಬಳಿ ಅವರು ಕುಸಿದು ಕುಳಿತು ಅತ್ತರು. ಹೊಡೆಸಿಕೊಂಡವನೇ ಪಕ್ಕದಲ್ಲಿ ಕುಳಿತು ಸಮಾಧಾನ ಮಾಡುತ್ತಿದ್ದ.

ಆಮೇಲೆ ನಿವೃತ್ತಿಯವರೆಗೆ ಯಾವ ಪೋಷಕರಿಗೂ ನನ್ನೆದುರು ಕೈ ಎತ್ತಲು ಬಿಡಲಿಲ್ಲ. ಒಬ್ಬರನ್ನು ಕೇಳದ ಪ್ರಶ್ನೆಯನ್ನು ಇನ್ನೊಬ್ಬರನ್ನು ಕೇಳಲಿಲ್ಲ. ಅದರಿಂದ ಸೆಲ್ವಿಯವರಿಗೆ ಆದದ್ದೇನೂ ಇಲ್ಲ. ಕ್ಷಮೆ ಕೇಳಲು ಮರ್ಫಿ ಟೌನಿನವರೆಗೆ ಹೋಗಿ, ಅವರ ಬೀದಿಯ ತಿರುವಿನಿಂದಲೇ ನಾಚಿಕೆಪಟ್ಟು ವಾಪಸ್ ಬಂದಿದ್ದೇನೆ. ಠಾಣೆಗೆ ಬಂದ ಮಗು ತನ್ನ ತಾಯಿಯ ಮೇಲಿನ ನಂಬಿಕೆಯನ್ನು ಇಡಿಯಾಗಿ ಮನೆಗೆ ಒಯ್ಯುವಂತೆ ನೋಡಿಕೊಳ್ಳುವುದು ಪೊಲೀಸರ ಕೆಲಸ. ನಾನು ಅದನ್ನು ಕಲಿತದ್ದು ಒಬ್ಬ ತಾಯಿಯಿಂದ ಆಕೆಯ ಮಗನನ್ನೇ ಹೊಡೆಸಿ.