ಬೇಯಿಸಿದ ಹವಳ

ಮದ್ದೂರಿನವನಿಗೆ ಕಡಲು ನೋಡಬೇಕೆಂದರೆ ಮಂಗಳೂರಿಗೆ ಹೋಗಬೇಕು. ನನಗೋ ಅದು ನಡುಮನೆಯಲ್ಲೇ ಬೇಕೆನಿಸಿತು. ಗಾಜಿನ ದೊಡ್ಡ ತೊಟ್ಟಿ, ಉಪ್ಪುನೀರು, ನೀಲಿ ದೀಪ, ಎರಡು ಮೀನು, ಮೀನಿನ ಜೊತೆಗೆ ಜೀವಂತ ಹವಳ. ನೋಡಲು ಬಂದವರೆಲ್ಲ "ಇದ್ರ ಸಾರು ಚೆನ್ನಾಗಿರ್ತದಾ?" ಎಂದು ಕೇಳಿ ಪಿತ್ತ ಕೆರಳಿಸುತ್ತಿದ್ದರು. ಹವಳವೆಂದರೆ ಉಂಗುರದ ಕಲ್ಲು ಎಂದುಕೊಂಡಿದ್ದ ನಮ್ಮವ್ವನಿಗೆ ಅದೂ ಒಂದು ಪ್ರಾಣಿ, ತಿನ್ನುತ್ತದೆ, ಮರಿ ಹಾಕುತ್ತದೆ ಎಂದು ತಿಳಿಸಿ ಹೇಳುವಷ್ಟರಲ್ಲಿ ಸಾಕುಸಾಕಾಯಿತು.

ಆ ಮರಿ ಹಾಕುವುದೇ ದೊಡ್ಡ ತಾಪತ್ರಯವಾಯಿತು. ಬೆಂಗಳೂರಿನ ಅಂಗಡಿಯವನು ಕೊಸರಿಗೆಂದು ಒಂದು ಕಲ್ಲು ಕೊಟ್ಟಿದ್ದ. ಅದರ ಮೇಲೆ ಅಂಗಿ ಗುಂಡಿಯಷ್ಟಗಲದ ಕಂದು ಹವಳಗಳು ಆರೇಳು ಇದ್ದವು. "ಇದು ಸಾಯೋದೇ ಇಲ್ಲ ಸರ್" ಎಂದಿದ್ದ. ಪುಣ್ಯಾತ್ಮ ಸುಳ್ಳು ಹೇಳಿರಲಿಲ್ಲ. ವರ್ಷ ತುಂಬುವುದರೊಳಗೆ ಅವು ಪಕ್ಕದ ಕಲ್ಲಿಗೆ ಹಬ್ಬಿದವು. ನಾನು ಮುದ್ದಿನಿಂದ ಸಾಕಿದ್ದ ಗುಲಾಬಿ ಬಣ್ಣದ ಹವಳದ ಬುಡಕ್ಕೆ ಬಂದು, ಮೇಲೆ ಹತ್ತಿ ಕೂತವು. ಕತ್ತರಿಸಿದೆ. ಕೂಳೆ ಕಬ್ಬಿನ ಹಾಗೆ ಕತ್ತರಿಸಿದ ಕಡೆಯೇ ಮತ್ತೆ ಚಿಗುರಿದವು. ಸುಣ್ಣ ಮೆತ್ತಿದರೆ ಸಾಯುತ್ತವೆ ಎಂದು ಇಂಥ ತೊಟ್ಟಿ ಇಟ್ಟ ಇನ್ನೊಬ್ಬರು ಹೇಳಿದರು. ಬೇರೆಲ್ಲಿ ಹುಡುಕಲಿ? ಅವ್ವನ ಎಲೆ ಅಡಿಕೆ ಡಬ್ಬಿಗೇ ಕೈ ಹಾಕಿದೆ.

"ನನ್ ಎಲೆಗೆ ಇಲ್ದಂಗ್ ಮಾಡಿ ನಿನ್ ಉಳಕ್ಕೆ ಮೆತ್ತೀಯೇನ್ಲಾ ಸುಣ್ಣವ?" ಎಂದು ಅವ್ವ ರೇಗಿದಳು. ರೇಗಿದರೂ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ನೋಡಿದಳು. ಕೆಲವು ಸತ್ತವು. ಮಿಕ್ಕವು ಬಾಯಿ ಮುಚ್ಚಿಕೊಂಡಿದ್ದು ಮಾರನೆಯ ದಿನ ಏನೂ ಆಗದವರಂತೆ ಅರಳಿದವು. ನನಗೆ ಬಂದ ಕೋಪ ಅಷ್ಟಿಷ್ಟಲ್ಲ.

ಆಷಾಢದ ಒಂದು ಭಾನುವಾರ. ಹೆಂಡತಿ ಕೆರಗೋಡಿನ ತವರಿಗೆ ಹೋಗಿದ್ದಳು. ಆ ಹಾಳು ಕಲ್ಲನ್ನು ತೊಟ್ಟಿಯಿಂದ ಎತ್ತಿ ಬಕೆಟ್ಟಿಗೆ ಹಾಕಿ, ಆಮೇಲೆ ಉಜ್ಜಿದರಾಯಿತು ಎಂದು ಕಟಿಂಗ್ ಮಾಡಿಸಿಕೊಳ್ಳಲು ಹೋದೆ. ವಾಪಸು ಬಂದರೆ ಮನೆಯೆಲ್ಲ ಕೊಳೆತ ಮೀನಿನ ವಾಸನೆ. ಗಾಳಿಗೆ ಒಲೆ ಆರುತ್ತದೆಂದು ಅಡುಗೆಮನೆಯ ಕಿಟಕಿ ಮುಚ್ಚಿತ್ತು. ಹಬೆಯ ನಡುವೆ ಅವ್ವ ಹಳೇ ಬೋಸಿಯೊಳಗೆ ಸೌಟು ಆಡಿಸುತ್ತಿದ್ದಳು. ಬೋಸಿಯಲ್ಲಿ ನನ್ನ ಕಲ್ಲು ಕುದಿಯುತ್ತಿತ್ತು.

"ಗೂಡ್ ಬೇಯ್ಸ್ದಂಗೆ ಬೇಯಿಸ್ಬುಟ್ಟೆ ಕಣ್ಲಾ. ಇನ್ನೆಂಗ್ ಚಿಗುರ್ತವೋ ನೋಡಾನ!"

ಅವ್ವ ಮಳವಳ್ಳಿ ಕಡೆಯವಳು. ರೇಷ್ಮೆ ಗೂಡು ಬೇಯಿಸಿ ನೂಲು ಬಿಚ್ಚುವ ಕೆಲಸ ಮಾಡಿಕೊಂಡೇ ನಮ್ಮನ್ನು ಓದಿಸಿದವಳು. ಬಿಸಿನೀರಿಗೆ ಬಿದ್ದ ಹುಳ ಏಳುವುದಿಲ್ಲ ಎನ್ನುವುದು ಅವಳಿಗೆ ಗೊತ್ತಿತ್ತು. ನನಗೆ ಇದು ಮೊದಲೇ ಹೊಳೆಯಬಾರದಿತ್ತೇ ಎಂದು ನಗು ಬಂತು. ಇಬ್ಬರೂ ಬೋಸಿಯ ಮೇಲೆ ಬಗ್ಗಿ, ಮುದುಡಿ ಬಿಳುಚಿಕೊಂಡ ಆ ಶತ್ರುಗಳನ್ನು ನೋಡಿ ನೋಡಿ ನಕ್ಕೆವು.

ಊಟಕ್ಕೆ ಕೂತಾಗ ಅವ್ವ "ಬೇಳೆ ಸಾರು ಯಾಕೋ ಕಹಿ" ಎಂದಳು. ನನ್ನ ಬಾಯಿಗೂ ಕಬ್ಬಿಣ ನೆಕ್ಕಿದ ಹಾಗಿತ್ತು. ಸ್ವಲ್ಪ ಹೊತ್ತಿಗೆ ಅವ್ವನಿಗೆ ಚಳಿ ಹತ್ತಿತು. ಕಂಬಳಿ ಹೊದಿಸಿದೆ. ಕೆಮ್ಮು ಶುರುವಾಯಿತು. ಅಷ್ಟು ವರ್ಷ ಹಬೆಯ ಮುಂದೆಯೇ ಕೂತವಳು, ಹೀಗೆ ಕೆಮ್ಮಿದ್ದನ್ನು ನಾನು ಕಂಡಿರಲಿಲ್ಲ.

"ಎದೆ ಮ್ಯಾಲೆ ಯಾರೋ ಕೂತಂಗಾಯ್ತದೆ ಕಣ್ಲಾ" ಎಂದಳು. ತುಟಿ ಕಪ್ಪಾಗತೊಡಗಿತ್ತು.

ಆಗ ಏನೋ ಹೊಳೆದು, ಹವಳ ಬೇಯಿಸಿದರೆ ಏನಾಗುತ್ತದೆ ಎಂದು ಫೋನಿನಲ್ಲಿ ಹುಡುಕಿದೆ. ಬೇಯಿಸಲೇಬಾರದು ಎಂದು ಮೊದಲ ಸಾಲಿನಲ್ಲೇ ಇತ್ತು. ಈ ಜಾತಿಯ ಹವಳದೊಳಗೆ ಜೀವ ತೆಗೆಯುವಂಥ ವಿಷವಿರುತ್ತದೆ, ಬೇಯಿಸಿದರೆ ಹಬೆಯ ಜೊತೆ ಹೊರಗೆ ಬರುತ್ತದೆ. ನಡುಮನೆಯಲ್ಲಿ, ದೀಪ ಹಾಕಿ, ಹೊತ್ತು ಹೊತ್ತಿಗೆ ಊಟ ಹಾಕಿ ನಾನು ಸಾಕಿದ್ದು ಇದನ್ನೇ? ಬಂದ ಮಕ್ಕಳೆಲ್ಲ ಕೈ ಅದ್ದಿ ಆಡಿದ್ದು ಈ ನೀರಿನಲ್ಲೇ? ನಂಬಲಾಗದೆ ಅದೇ ಸಾಲನ್ನು ಮತ್ತೆ ಓದಿದೆ.

ಪಕ್ಕದ ಮನೆಯವರ ಕಾರಿನಲ್ಲಿ ಮಂಡ್ಯದ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಅವ್ವನ ಉಸಿರು ಸಿಳ್ಳೆ ಹಾಕುತ್ತಿತ್ತು.

"ಏನ್ ಬೇಯಿಸಿದ್ರಿ ಅಂದ್ರಿ?" ಎಂದರು ಡಾಕ್ಟರು.

"ಹವಳ."

"ಹವಳಾನಾ? ತಿನ್ನೋಕಾ?"

ಫೋನು ಕೊಟ್ಟೆ. ಅವರು ನಿಂತಲ್ಲೇ ಓದಿದರು. ಮುಖ ಗಂಭೀರವಾಯಿತು. "ಇದಕ್ಕೇ ಅಂತ ಔಷಧಿ ಇಲ್ಲ. ಆಕ್ಸಿಜನ್ ಕೊಡ್ತೀವಿ. ಕಾಯಬೇಕು, ಅಷ್ಟೇ" ಎಂದರು. ಔಷಧಿ ಇಲ್ಲ ಎನ್ನುವ ಮಾತನ್ನು ಡಾಕ್ಟರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ನನಗೆ ತಗುಲಿದ್ದು ಬೆಳಗಾಗುವಷ್ಟರಲ್ಲಿ ಇಳಿದಿತ್ತು. ಅವ್ವನದು ಇಳಿಯಲಿಲ್ಲ. ಮಾಸ್ಕು ಹಾಕಿದ್ದರೂ ಒಂದೊಂದು ಉಸಿರಿಗೂ ಭುಜ ಮೇಲೇಳುತ್ತಿತ್ತು. ನೀರು ಬೇಕಾದರೆ ಸನ್ನೆ, ಮಗ್ಗುಲಾಗಬೇಕಾದರೆ ಸನ್ನೆ. ಮಾತು ನಿಂತೇಹೋಗಿತ್ತು. ಅವ್ವ ಮಾತಾಡದ ಹೊತ್ತನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ. ನಿಜ ಹೇಳುತ್ತೇನೆ, ತುಂಬಾ ಹೆದರಿದ್ದೆ.

ಎರಡು ದಿನ ಕಳೆದ ಮೇಲೆ ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, "ಇನ್ನು ಭಯ ಇಲ್ಲ" ಎಂದರು. ಭಯ ಹೋದ ಕೂಡಲೇ ಅವರಿಗೆ ಸಿಟ್ಟು ಬಂತು.

"ಓದಿದೋರಲ್ಲವೇನ್ರೀ ನೀವು? ಇಂಥದ್ದನ್ನ ಮನೇಲಿ ತಂದಿಟ್ಕೊಂಡು, ವಯಸ್ಸಾದೋರು ಬೇಯಿಸ್ತಿದ್ರೆ ಸುಮ್ನೆ ನೋಡ್ಕೊಂಡು ನಿಂತಿದ್ರಾ?"

ನಾನು ಬಾಯಿ ತೆರೆಯುವ ಮೊದಲೇ ಅವ್ವನ ಕೈ ಮಾಸ್ಕನ್ನು ಪಕ್ಕಕ್ಕೆ ಸರಿಸಿತು.

"ಅವುನ್ನ ಅನ್ಬ್ಯಾಡಿ ಸ್ವಾಮಿ." ನಿಂತು ಉಸಿರು ಎಳೆದುಕೊಂಡಳು. "ಬ್ಯಾಡ... ಬ್ಯಾಡ ಅಂತ್ಲೇ ಬಡ್ಕೊಂಡ." ಮತ್ತೆ ಎಳೆದುಕೊಂಡಳು. "ನಾನೇ ಕೇಳ್ನಿಲ್ಲ."

ನರ್ಸ್ ಓಡಿ ಬಂದು ಮಾಸ್ಕು ಕೂರಿಸಿದರು. ಒಂದು ಗುಟುಕು ನೀರು ಕೇಳಲೂ ಇಲ್ಲದಿದ್ದ ಉಸಿರನ್ನು ಅವ್ವ ಈ ಸುಳ್ಳಿಗೆ ಎಲ್ಲಿಂದ ತಂದಳೋ. ಡಾಕ್ಟರು ನನ್ನ ಕಡೆ ತಿರುಗಿ "ಹೌದೇನ್ರಿ?" ಎಂದರು. ಅವ್ವ ಮಾಸ್ಕಿನ ಮೇಲಿಂದ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಳು. ಹೂಂ ಅಂದೆ.