ಹುಟ್ಟದ ಕೂಸಿನ ಕುಲಾವಿ

ನಮ್ಮ ಮನೆಯಲ್ಲಿ ನಾನು ಹೆಣೆದ ಕವರು ತೊಡದೆ ಉಳಿದಿರುವುದು ಎಮ್ಮೆ ಒಂದೇ ಎಂದು ನನ್ನ ಗಂಡ ಬಂದವರಿಗೆಲ್ಲ ಹೇಳುತ್ತಾರೆ. ಸುಳ್ಳೇನಲ್ಲ. ಟಿವಿಗೆ, ಮಿಕ್ಸಿಗೆ, ಗ್ಯಾಸ್ ಸಿಲಿಂಡರಿಗೆ, ಎಲ್ಲಕ್ಕೂ ಹೊದಿಕೆ ಇದೆ. ದೀಪಾವಳಿಗೆ ಅಣ್ಣನ ಮೊಮ್ಮಕ್ಕಳಿಗೆ ಟೋಪಿ, ಸಂಕ್ರಾಂತಿಗೆ ನಾದಿನಿಗೆ ಶಾಲು, ಗೌರಿ ಹಬ್ಬಕ್ಕೆ ಬಾಗಿನದ ಮೊರ ಮುಚ್ಚಲು ಬಿಳಿ ಲೇಸು. ಕೋಸಿನ ಹೊಲದಲ್ಲಿ ಕೂಲಿಯವರು ಊಟಕ್ಕೆ ಕೂತರೆ ನಾನು ಬದುವಿನ ಮೇಲೆ ಕೂತು ಕ್ರೋಶಾ ಕಡ್ಡಿ ತೆಗೆಯುತ್ತೇನೆ. ಮದುವೆಗೆ ಮುಂಚೆ ಹೊಲಿಗೆ ಕ್ಲಾಸಿನಲ್ಲಿ ಕಲಿತದ್ದು. ಸಿಟ್ಟು ಬಂದಾಗಲೆಲ್ಲ ಹೆಣೆಯುತ್ತೇನೆ, ಸಿಟ್ಟು ನನಗೆ ದಿನಾ ಬರುತ್ತದೆ, ಹಾಗಾಗಿ ದೊಡ್ಡಗಾಜನೂರಿನ ಚಳಿಗೆ ನಮ್ಮ ನೆಂಟರು ಯಾರೂ ಹೆದರುವುದಿಲ್ಲ.

ಹೆದರಿಕೆಯಿಂದ ಹೆಣೆದದ್ದು ಒಂದೇ ಸಲ. ಅದನ್ನು ಹೇಳುತ್ತೇನೆ.

ಮಗಳನ್ನು ತಾಳಮಲೆಯ ಕಡೆ ಕೊಟ್ಟಿದ್ದೇವೆ. ಎರಡು ಸಲ ಬಸಿರಾದಳು, ಎರಡೂ ಸಲ ನಿಲ್ಲಲಿಲ್ಲ. ಮೊದಲನೆಯದು ಮೂರು ತಿಂಗಳಿಗೆ ಹೋಯಿತು. ಎರಡನೆಯದು ಐದು ತುಂಬಿದ ಮೇಲೆ, ಕಾಡಿನ ದಾರಿಯಲ್ಲಿ, ಬಾಡಿಗೆ ಜೀಪಿನೊಳಗೇ ಹೋಯಿತು. ಮೂರನೇ ಸಲ ನಿಂತಾಗ ಡಾಕ್ಟರಮ್ಮ ಹಾಸಿಗೆ ಬಿಟ್ಟು ಏಳಕೂಡದು ಎಂದರು. ನಾಲ್ಕನೇ ತಿಂಗಳಿಗೇ ತವರಿಗೆ ಕರೆತಂದೆವು. ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ನಾನು ಕಾಫಿ ಹಿಡಿದು ಹೋದರೆ ತಿರುಗದೇ, "ಅವ್ವ, ಇವತ್ತೂ ಏನೂ ಆಗ್ನಿಲ್ಲ ಕಣವ್ವ" ಎನ್ನುತ್ತಿದ್ದಳು. ಪ್ರತಿದಿನ ಬೆಳಗ್ಗೆ ಅದೇ ಮಾತು. ಅದನ್ನು ಕೇಳಿದ ಮೇಲೆ ನನಗೆ ಉಸಿರು ಬರುತ್ತಿತ್ತು.

ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ ಅನ್ನಿಸಿತು. ಚಾಮರಾಜನಗರಕ್ಕೆ ಹೋದವಳು ಎಳೆ ಮಕ್ಕಳಿಗೆಂದೇ ಬರುವ ಮೆತ್ತನೆಯ ಉಲ್ಲನ್ ಕೊಂಡು ತಂದೆ. ಹಳದಿ, ಬಿಳಿ. ಗಂಡೋ ಹೆಣ್ಣೋ, ಉಳಿದರೆ ಸಾಕು ಎಂದು ಆ ಬಣ್ಣ. ಕಂಬಳಿ ಶುರು ಮಾಡಿದೆ. ಹೊದಿಕೆ ಸಿದ್ಧವಿದ್ದರೆ ಹೊದೆಯುವವರು ಬರಲೇಬೇಕು ಎಂಬ ಹಠ ನನ್ನದು. ಇದನ್ನು ಯಾರಿಗಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದರು, ಆದ್ದರಿಂದ ಯಾರಿಗೂ ಹೇಳಲಿಲ್ಲ.

ಹೇಳದಿರಲು ಇನ್ನೊಂದು ಕಾರಣವೂ ಇತ್ತು. ನಮ್ಮಲ್ಲಿ ಹುಟ್ಟುವ ಕೂಸಿಗೆ ಮುಂಚಿತವಾಗಿ ಏನನ್ನೂ ಮಾಡಿಡುವುದಿಲ್ಲ. ತೊಟ್ಟಿಲನ್ನು ಅಟ್ಟದಿಂದ ಇಳಿಸುವುದಿಲ್ಲ. ಹುಟ್ಟಿದ ಮೇಲೂ ಮೊದಲು ಸುತ್ತುವುದು ಅಜ್ಜಿಯ ಹಳೇ ಸೀರೆಯ ತುಂಡನ್ನು. ಹೊಸದು ಕಂಡರೆ ಯಾವುದರದೋ ಕಣ್ಣು ಬೀಳುತ್ತದಂತೆ. ಹಾಗಾಗಿ ಕಂಬಳಿಯನ್ನು ರಾಗಿ ಡ್ರಮ್ಮಿನ ಹಿಂದೆ ಬಚ್ಚಿಟ್ಟು, ಮಗಳು ಮಲಗಿದಾಗ ತೆಗೆದು ಎರಡೆರಡು ಸಾಲು ಹೆಣೆಯುತ್ತಿದ್ದೆ.

ಅತ್ತೆ ಎಂಬತ್ತರ ಹತ್ತಿರದವರು. ಒಂದು ದಿನ ರಾಗಿ ಅಳೆಯಲು ಬಂದವರ ಕೈಗೆ ಅದು ಸಿಕ್ಕಿತು.

"ಯಾರ್ಗಮ್ಮಿ ಇದು?"

"ಅಣ್ಣನ ಮೊಮ್ಮಗೀಗೆ ಅತ್ತೆ. ದೀಪಾವಳಿಗೆ ಕೊಡಾನ ಅಂತ."

"ನಿಮ್ಮಣ್ಣನ ಮೊಮ್ಮಗ ಸ್ಕೂಲ್ಗೋಯ್ತಾನೆ. ಇದ ಒದ್ಕಂಡ್ರೆ ಮೊಣಕಾಲ್ಗೂ ಬರಕಿಲ್ಲ." ಕಂಬಳಿಯನ್ನು ಮಡಿಸಿ ನನ್ನ ಮಡಿಲಿಗೆ ಹಾಕಿದರು. "ಕೂಸು ಉಟ್ಟಾಕ್ ಮುಂಚೆ ಕುಲಾವಿ ಒಲಿಸ್ಬ್ಯಾಡ ಅಂತ ದೊಡ್ಡೋರು ಸುಮ್ನೆ ಅಂದಿದ್ದಾರಾ? ಎತ್ತಿ ಮಡಗು. ಆ ಎಣ್ಣಿನ ಕಣ್ಗೆ ಬೀಳ್ಬಾರ್ದು."

ಕುಲಾವಿ ಎಂದರೆ ಕಿವಿ ಮುಚ್ಚಿ ಗದ್ದದ ಕೆಳಗೆ ಕಟ್ಟುವ ಎಳೆ ಮಗುವಿನ ಟೋಪಿ. ಆತುರಗಾರರನ್ನು ಛೇಡಿಸಲು ಎಲ್ಲರೂ ಆಡುವ ಗಾದೆ ಅದು. ನಾನೂ ಎಷ್ಟೋ ಜನರಿಗೆ ಅಂದಿದ್ದೇನೆ. ಆದರೆ ಅಂದು ಮೈಯೆಲ್ಲ ಉರಿಯಿತು.

"ನಾನ್ ಕುಲಾವಿ ಒಲಿಸ್ನಿಲ್ವಲ್ಲ ಅತ್ತೆ, ಕಂಬ್ಳಿ ತಾನೆ" ಎಂದು ಎದುರು ಮಾತಾಡಿದೆ. ಅವರು ರಾಗಿ ತುಂಬಿಕೊಂಡು ಹೋದರು. ಅವರು ಬೈದಿದ್ದರೆ ನಾನು ಸುಮ್ಮನಾಗುತ್ತಿದ್ದೆನೋ ಏನೋ. ಅದೇ ಮಧ್ಯಾಹ್ನ ಕೂತು, ಬೇಕೆಂದೇ, ಹಠಕ್ಕೇ, ಒಂದು ಕುಲಾವಿ ಹೆಣೆದೆ. ಹಳದಿ ಟೋಪಿ, ಬಿಳಿ ಅಂಚು, ಕಟ್ಟುವ ಎರಡು ದಾರ, ನೆತ್ತಿಯ ಮೇಲೊಂದು ಹೂವು. ಕಂಬಳಿಯ ಜೊತೆ ನನ್ನ ಬಟ್ಟೆ ಬ್ಯಾಗಿನ ತಳಕ್ಕೆ ತುರುಕಿದೆ.

ಅದಾಗಿ ನಾಲ್ಕನೇ ದಿನ ಮಗಳಿಗೆ ನೀರು ಹೋಯಿತು. ಏಳು ತುಂಬಿ ಎಂಟಕ್ಕೆ ಬಿದ್ದಿತ್ತು. ಏಳಕ್ಕೆ ಹುಟ್ಟಿದ್ದು ಉಳಿಯುತ್ತದೆ, ಎಂಟಕ್ಕೆ ಹುಟ್ಟಿದ್ದು ಉಳಿಯುವುದಿಲ್ಲ ಎಂದು ನಮ್ಮ ಕಡೆಯ ಹೆಂಗಸರು ಹೇಳುತ್ತಾರೆ. ಆಂಬುಲೆನ್ಸಿನಲ್ಲಿ ಕೂತು ನಾನು ಬೆರಳು ಮಡಿಸಿ ದಿನ ಎಣಿಸಿದೆ, ಎಲ್ಲಾದರೂ ತಪ್ಪಿದ್ದೇನೆಯೇ ಎಂದು. ತಪ್ಪಿರಲಿಲ್ಲ. ಮಗಳು ನನ್ನ ಮಣಿಕಟ್ಟು ಹಿಡಿದು, "ಅವ್ವ, ಇದೂ ಓಯ್ತದಾ?" ಎಂದು ಕೇಳಿದಳು. "ಬುಡ್ತು ಅನ್ನು" ಎಂದು ಗದರಿದೆ. ಹಾಗೆ ಗದರಬಾರದಿತ್ತು.

ದಿಂಬಂ ಘಟ್ಟ ತಲುಪಿದರೆ ಕೆಳಗಿನ ತಿರುವಿನಲ್ಲಿ ಕಬ್ಬಿನ ಲಾರಿಯೊಂದು ಅಡ್ಡ ಸಿಕ್ಕಿಕೊಂಡಿತ್ತು. ಹಿಂದೆ ಮುಂದೆ ವಾಹನಗಳ ಸಾಲು. ಡ್ರೈವರು ಸೈರನ್ ಕೂಗಿಸುತ್ತಲೇ ಇದ್ದ, ಆದರೆ ಯಾರು ತಾನೇ ಎಲ್ಲಿಗೆ ಸರಿಯಬೇಕು? ಬಿಸಿನೀರು ತರಲು ಟೀ ಅಂಗಡಿಗೆ ಇಳಿದೆ. ಲೋಟಕ್ಕೆಂದು ಬ್ಯಾಗಿಗೆ ಕೈ ಹಾಕಿದಾಗ ಬೆರಳಿಗೆ ಆ ಹೂವು ಸಿಕ್ಕಿತು. ಮೆತ್ತಗಿತ್ತು. ಹಾವು ಮುಟ್ಟಿದ ಹಾಗಾಯಿತು. ಹುಟ್ಟದ ಕೂಸಿಗೆ ಟೋಪಿ ತೊಡಿಸಲು ಹೋದ ಪಾಪಿ ನಾನೇ ಅಲ್ಲವೇ. ಕ್ರೋಶಾ ಕಡ್ಡಿಯನ್ನು ತೆಗೆದು ಕಟ್ಟೆಯಾಚೆ ಕಣಿವೆಗೆ ಎಸೆದೆ. "ಇನ್ ಮುಟ್ಟಕಿಲ್ಲ ಮಾದಪ್ಪ, ಇನ್ ಮುಟ್ಟಕಿಲ್ಲ" ಎಂದು ದೇವರಿಗೆ ಬಾಯಿಬಿಟ್ಟು ಹೇಳಿದೆ. ಕುಲಾವಿಯನ್ನೂ ಎಸೆಯಬೇಕೆಂದು ಕೈ ಎತ್ತಿದರೆ, ಕಟ್ಟೆಯ ಮೇಲೆ ಕೂತಿದ್ದ ಕೋತಿಯೊಂದು ಅದನ್ನು ತಲೆಗೆ ಹಾಕಿಕೊಂಡರೆ ಎನ್ನುವ ಹಾಳು ಯೋಚನೆ ಆ ಹೊತ್ತಿನಲ್ಲೂ ಬಂತು. ವಾಪಸು ಬ್ಯಾಗಿಗೆ ಹಾಕಿದೆ.

ಲಾರಿ ಸರಿಯಿತು. ಘಟ್ಟದ ಕೆಳಗಿನ, ತಮಿಳು ಮಾತಿನ ಊರಿನ ದೊಡ್ಡ ಆಸ್ಪತ್ರೆ ಮುಟ್ಟಿದ ಸ್ವಲ್ಪ ಹೊತ್ತಿಗೇ ಹೆರಿಗೆಯಾಯಿತು. ಹೆಣ್ಣು. ಒಂದೂಕಾಲು ಕೆಜಿ. ನಾವು ಮುಖ ನೋಡುವ ಮೊದಲೇ ಗಾಜಿನ ಪೆಟ್ಟಿಗೆಯಿದ್ದ ಕೋಣೆಗೆ ಒಯ್ದರು. ಅಲ್ಲಿಗೆ ತಾಯಿಯನ್ನು ಬಿಟ್ಟು ಬೇರೆಯವರು ಹೋಗುವಂತಿರಲಿಲ್ಲ. ತಾಳಮಲೆಯಿಂದ ಬಂದಿದ್ದ ಅಳಿಯಂದಿರು ಔಷಧಿ ಚೀಟಿ ಹಿಡಿದು ಓಡಾಡುತ್ತಿದ್ದರು. ಡಾಕ್ಟರನ್ನು ಕೇಳಿದರೆ "ಪಾಕ್ಕಲಾಮ್ಮಾ" ಎಂದರು. ನೋಡೋಣ. ಆಮೇಲಿನ ದಿನಗಳಲ್ಲಿ ನನಗೆ ಸಿಕ್ಕಿದ ಉತ್ತರವೆಲ್ಲ ಅದೊಂದೇ.

ಮರುದಿನ ಬೆಳಗ್ಗೆ ಆಸ್ಪತ್ರೆ ಅಂಗಳದ ಬೇವಿನ ಮರದಡಿ ಕೂತು ಬಿಚ್ಚತೊಡಗಿದೆ. ಕ್ರೋಶಾ ಹೆಣಿಗೆಯ ಗುಣ ಅದು. ಕೊನೆಯ ಕುಣಿಕೆಯೊಂದನ್ನು ಸಡಿಲಿಸಿ ಎಳೆದರೆ ಇಡೀ ಕೆಲಸ ತಾನಾಗಿ ಉದುರಿಹೋಗುತ್ತದೆ. ಮೊದಲು ಕುಲಾವಿ, ಆಮೇಲೆ ಕಂಬಳಿ. ಮೂರು ತಿಂಗಳು ಕದ್ದು ಮುಚ್ಚಿ ಹೆಣೆದದ್ದು, ಹನ್ನೊಂದು ಗಂಟೆಗೆ ಅರ್ಧ ಖಾಲಿ. ಎಳೆದಷ್ಟೂ ಕೂಸಿಗೆ ಕಟ್ಟಿದ ಏನೋ ಒಂದು ಬಿಚ್ಚುತ್ತಿದ್ದೇನೆ ಎಂದುಕೊಂಡು ಎಳೆದೆ. ಓದು ಬರಹ ಬಲ್ಲವಳು ಹೀಗೆಲ್ಲ ನಂಬುತ್ತಾಳಾ ಎಂದರೆ, ಹೌದು, ಆ ಬಾಗಿಲಿನ ಹೊರಗೆ ಕೂತಿದ್ದರೆ ಯಾರಾದರೂ ನಂಬುತ್ತಾರೆ.

ಮಧ್ಯಾಹ್ನದ ಬಸ್ಸಿಗೆ ಅತ್ತೆ ಬಂದಿಳಿದರು, ಗಂಜಿಯ ಕ್ಯಾರಿಯರ್ ಹಿಡಿದು. ನನ್ನ ಸುತ್ತ ಸುಕ್ಕುಸುಕ್ಕಾಗಿ ಬಿದ್ದಿದ್ದ ದಾರದ ರಾಶಿ ನೋಡಿದರು. ಬೈಗುಳ ಕಾದು ತಲೆ ತಗ್ಗಿಸಿದೆ. ಅವರು ಪಕ್ಕದಲ್ಲಿ ಕೂತು ಬಾಯಿಗೆ ಸೆರಗು ಒತ್ತಿಕೊಂಡರು.

"ನನ್ ಬಾಯ್ಗೆ ಮಣ್ಣಾಕ. ನಾ ಅಂದದ್ದೇ ತಗಲ್ಕತು ಕಣಮ್ಮಿ."

ನಿನ್ನೆಯಿಂದ ಅವರು ಇದನ್ನೇ ಹೊತ್ತುಕೊಂಡಿದ್ದರು. ನಾನು ನನ್ನ ಕೈಯನ್ನು ಶಪಿಸಿಕೊಳ್ಳುತ್ತಿದ್ದಾಗ ಅವರು ತಮ್ಮ ನಾಲಿಗೆಯನ್ನು ಶಪಿಸಿಕೊಳ್ಳುತ್ತಿದ್ದರು. "ಇಲ್ಲ ಅತ್ತೆ" ಎಂದೆ. ಅವರು ದಾರದ ತುದಿ ಹುಡುಕಿ ಉಂಡೆ ಸುತ್ತತೊಡಗಿದರು. ನಾನು ಬಿಚ್ಚಿದೆ, ಅವರು ಸುತ್ತಿದರು. ಸಂಜೆಗೆ ಐದು ಉಂಡೆಗಳಾದವು.

ಮೂರನೇ ದಿನ ಬೆಳಗ್ಗೆ ನರ್ಸಮ್ಮ ಹೊರಗೆ ಬಂದು ನಮ್ಮನ್ನು ಕೂಗಿದರು. ಮುಗಿಯಿತು ಎಂದುಕೊಂಡೆ. ಆದರೆ ಅವರು ಕೇಳಿದ್ದು ಬೇರೆ. "ಪಾಪ್ಪಾವುಕ್ಕು ಕುಲ್ಲಾ ಇರುಕ್ಕಾಮ್ಮಾ?" ಮಗುವಿಗೆ ಟೋಪಿ ಇದೆಯಾ. ಮೈ ಬಿಸಿ ನಿಲ್ಲುತ್ತಿಲ್ಲ, ತಲೆಯಿಂದಲೇ ಹೋಗಿಬಿಡುತ್ತಿದೆ, ಅಂಗಡಿಯದು ಹಾಕಿದರೆ ಕುತ್ತಿಗೆಗೆ ಜಾರುತ್ತದೆ ಎಂದರು.

ನಾನೂ ಅತ್ತೆಯೂ ಮುಖ ಮುಖ ನೋಡಿದೆವು. ನನ್ನ ಟೋಪಿ ಉಂಡೆಯಾಗಿ ಬ್ಯಾಗಿನಲ್ಲಿತ್ತು, ಕಡ್ಡಿ ದಿಂಬಂ ಕಣಿವೆಯಲ್ಲಿತ್ತು. "ಮಾಡ್ಕೊಡ್ತೀನಿ" ಎಂದುಬಿಟ್ಟೆ. ಹಳದಿ ದಾರದ ಒಂದು ತುಂಡು ಹರಿದು ಕೊಟ್ಟು, ತಲೆಯ ಸುತ್ತ ಅಳೆದು ತರಲು ಬೇಡಿಕೊಂಡೆ. ಅವರು ಒಳಗೆ ಹೋಗಿ, ಅಳತೆಗೆ ಗಂಟು ಹಾಕಿ ತಂದುಕೊಟ್ಟರು. ಅಂಗೈ ಮೇಲಿಟ್ಟು ಸುತ್ತಿ ನೋಡಿದೆ. ಒಂದು ಬೇಲದ ಹಣ್ಣಿಗೆ ಆಗುವಷ್ಟು. ಹಠಕ್ಕೆ ಹೆಣೆದಿದ್ದ ನನ್ನ ಕುಲಾವಿಯಲ್ಲಿ ಅಂಥ ಎರಡು ತಲೆ ಹಿಡಿಸುತ್ತಿದ್ದವು. ಅದನ್ನು ಬಿಚ್ಚದಿದ್ದರೂ ಕೆಲಸಕ್ಕೆ ಬರುತ್ತಿರಲಿಲ್ಲ. ಮೊಮ್ಮಗಳ ಬಗ್ಗೆ ನನಗೆ ಅದುವರೆಗೆ ಗೊತ್ತಿದ್ದದ್ದು ಆ ಗಂಟು ಮಾತ್ರ.

ಬಸ್ ಸ್ಟ್ಯಾಂಡಿನ ಫ್ಯಾನ್ಸಿ ಸ್ಟೋರಿನಲ್ಲಿ ಲೇಸು ಹೆಣೆಯುವ ಸಣ್ಣ ಕಡ್ಡಿಯೊಂದು ಸಿಕ್ಕಿತು. ಅತ್ತೆ ಟೀ ಅಂಗಡಿಯಿಂದ ಕುದಿನೀರು ತಂದು ಉಲ್ಲನ್ ತೊಳೆದು ಬಿಸಿಲಿಗೆ ಹರಡಿದರು. ಮಾದಪ್ಪನಿಗೆ ಕೊಟ್ಟ ಮಾತು ನೆನಪಾಯಿತು. ಕ್ಷಮಿಸು, ಆಮೇಲೆ ನಿನ್ನ ಜೊತೆ ಮಾತಾಡುತ್ತೇನೆ ಎಂದೆ. ಮೊದಲ ಸುತ್ತನ್ನು ಮೂರು ಸಲ ಬಿಚ್ಚಿದೆ. ಹೂವು ಹಾಕಲಿಲ್ಲ. ಊಟದ ಹೊತ್ತಿಗೆ ಒಂದು, ಸಂಜೆಗೆ ಒಗೆದು ಬದಲಿಸಲು ಇನ್ನೊಂದು.

ಆಮೇಲೆ ದಿನಕ್ಕೊಂದು ಟೋಪಿ ಒಗೆಯುವುದೇ ನನ್ನ ಕೆಲಸವಾಯಿತು. ಒಗೆಯುವ ಮುಂಚೆ ಮುಖಕ್ಕೆ ಒತ್ತಿಕೊಳ್ಳುತ್ತಿದ್ದೆ. ಸ್ಪಿರಿಟ್ಟು, ಅದರ ಕೆಳಗೆ ಹಾಲಿನ ವಾಸನೆ. ಒಂದು ದಿನ ಕೂಸಿನ ಉಸಿರು ನಿಂತು ಮತ್ತೆ ಬಂತಂತೆ. ಇನ್ನೊಂದು ದಿನ ಜಾಂಡೀಸ್ ಎಂದರು. ನಮ್ಮ ಪಕ್ಕದಲ್ಲೇ ಚಾಪೆ ಹಾಸಿಕೊಳ್ಳುತ್ತಿದ್ದ ಹೆಂಗಸೊಬ್ಬಳು ಒಂದು ಬೆಳಗ್ಗೆ ಯಾರ ಮುಖವನ್ನೂ ನೋಡದೆ ಚಾಪೆ ಸುತ್ತಿಕೊಂಡು ಹೋದಳು. ಅಂದು ನಾನೂ ಅತ್ತೆಯೂ ಊಟ ಮಾಡಲಿಲ್ಲ. ಮಗಳು ಒಳಗಿನಿಂದ ಬಂದು, "ಅವ್ವ, ಇವತ್ತೂ ಏನೂ ಆಗ್ನಿಲ್ಲ" ಎಂದಳು.

ಹದಿನೆಂಟನೇ ದಿನ ನರ್ಸಮ್ಮ ಟೋಪಿಯನ್ನು ಒಗೆಯುವ ಹೊತ್ತಿಗೆ ಮುಂಚೆಯೇ ತಂದು ನನ್ನ ಕೈಗಿಟ್ಟರು. ಇನ್ನು ಬೇಡ ಎನ್ನುತ್ತಾರೆ ಎಂದೇ ತಿಳಿದೆ. ಅತ್ತೆ ಗೋಡೆ ಹಿಡಿದುಕೊಂಡರು.

"ಟೈಟ್ ಆಯಿಡುಚ್ಚುಮ್ಮಾ" ಎಂದರು ನರ್ಸಮ್ಮ. ಬಿಗಿಯಾಯಿತು. ನಗುತ್ತಿದ್ದರು. ಜೊತೆಗೆ ಹೊಸ ಗಂಟು ಹಾಕಿದ ದಾರವೊಂದನ್ನು ಕೊಟ್ಟರು. ಹಳೆಯದರ ಪಕ್ಕ ಹಿಡಿದು ನೋಡಿದೆ. ಹೊಸದು ಒಂದು ಬೆರಳಗಲ ಹೆಚ್ಚು ಉದ್ದವಿತ್ತು. ನಾನು ಆಸ್ಪತ್ರೆಗೆ ಬಂದ ಮೇಲೆ ಮೊದಲ ಸಲ ಗಟ್ಟಿಯಾಗಿ ಅತ್ತುಬಿಟ್ಟೆ, ಜನ ತಿರುಗಿ ನೋಡುವ ಹಾಗೆ.

ಬೇವಿನ ಮರದಡಿ ಕೂತು, ದಾರದ ಗಂಟಿಗೆ ಸರಿಯಾಗಿ ಕುಣಿಕೆ ಎಣಿಸಿಕೊಂಡು ಹೆಣೆಯತೊಡಗಿದೆ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಅತ್ತೆ ಉಂಡೆ ಹಿಡಿದು ಪಕ್ಕದಲ್ಲಿ ಕೂತಿದ್ದರು. ಸ್ವಲ್ಪ ಹೊತ್ತು ನನ್ನ ಕೈಯನ್ನೇ ನೋಡಿ, ಆ ದಾರವನ್ನು ಎತ್ತಿಕೊಂಡು, ಗಂಟಿನ ಆಚೆಗೆ ತಮ್ಮ ಎರಡು ಬೆರಳು ಇಟ್ಟು ತೋರಿಸಿದರು.

"ಎರಡ್ ಬೆಟ್ಟು ದೊಡ್ಡದಾಗೇ ಆಕು ಕಣಮ್ಮಿ. ಬೆಳೀತದೆ."